ಹನ್ನೆರಡೂ ಕಾಲು

ಗುರುಸಣಗಿ ಬ್ಯಾರೇಜಿನ ಹಿನ್ನೀರಾಗ
ಮೀನಿನ ಪಂಜರ ಕಾಯೋ ನಮ್ಮ ಮನಿ
ಹದಿನೆಂಟು ಫೂಟು, ತೇಲತದ.

ಸಂಜಿಮುಂದ ಸಾಬಣ್ಣ ಜನರೇಟರಿನ ಹಗ್ಗ ಜಗ್ಗತಾನ:
ಮೊದಲ ಸಲ ಕೆಮ್ಮು,
ಎರಡನೇದಕ್ಕ ಇವನ ಬೈಗಳ,
ಆಮ್ಯಾಲ ಹೊಗಿ.
ತಾಸೊತ್ತು ಯಾರ ಮಾತೂ ಯಾರಿಗೂ ಕೇಳಂಗಿಲ್ಲ.
ಬೆಳ್ಳಕ್ಕಿ ಎದ್ದು ಹೋಗತಾವ,
ಕೂಸು ಮಾತ್ರ ಆ ಸಪ್ಪಳಕ್ಕೇ ಮಲಗತದ.

ಬ್ಯಾಟರಿಗೆ ನಾ ಬಾಟ್ಲಿ ನೀರು ಕುಡಸತೀನಿ;
ಸುತ್ತ ಇಷ್ಟು ಹೊಳಿ ಇದ್ದರೂ
ಅದಕ್ಕ ಒಗ್ಗೂದಿಲ್ಲ.
"ಹನ್ನೆರಡರ ಕೆಳಗ ಇಳಿಸಬ್ಯಾಡವ್ವಾ, ಸಾಯತದ"
ಅಂದಿದ್ದ ಯಾದಗಿರಿಯ ಮೌಲಾಲಿ ಮೇಸ್ತ್ರಿ.
ಟಿವಿ ಮಾರಿದಿವಿ.
ಒಂದು ಬಲ್ಬು, ಒಂದು ಫೋನು,
ಮೀನಿಗೆ ಗಾಳಿ ಊದೋ ಮಷೀನು.

ಇವತ್ತ ಪೆಟ್ರೋಲ್ ತೀರಿ ನಡುವ ನಿಂತಿತು,
ಮೀಟರಿನ ಮ್ಯಾಲ ಹನ್ನೆರಡೂ ಕಾಲು.
ಕೂಸು ಬೆಚ್ಚಿ ಎದ್ದಿತು.
ಸಾಬಣ್ಣ ಎದಿಗೆ ಹಾಕ್ಕೊಂಡು
ತುಟಿಲೇ ಡುರ್ ಡುರ್ ಅಂದ,
ಅದು ಮತ್ತ ಮಲಗೋತನಕ.