ಕೆಳಗೆ ಓಡುವ ಸಾಲು

ಹಂಪನಕಟ್ಟೆಯಲ್ಲಿ, ಚಪ್ಪಲಿ ಅಂಗಡಿಯ ಮೇಲೆ,
ಮೂರನೇ ಮಾಳಿಗೆಯ ಕೇಬಲ್ ಚಾನೆಲಿನಲ್ಲಿ
ನಾನಿದ್ದದ್ದು ಏಳು ವರ್ಷ.
ಮುಖ ತೋರಿಸುವ ಕೆಲಸವಲ್ಲ.
ಪರದೆಯ ಬುಡದಲ್ಲಿ ಬಲದಿಂದ ಎಡಕ್ಕೆ
ಓಡುತ್ತದಲ್ಲ ಒಂದು ಸಾಲು, ಅದು ನನ್ನದು.
ನಾಳೆ ನೀರಿಲ್ಲ: ಬಿಜೈ, ಕೊಟ್ಟಾರ, ಅಶೋಕನಗರ.
ಕಂದು ಬಣ್ಣದ ನಾಯಿ ಕಾಣೆಯಾಗಿದೆ.
ಭಾನುವಾರ ಬೊಜ್ಜ, ಎಲ್ಲರೂ ಬರಬೇಕಾಗಿ ವಿನಂತಿ.
ಊರು ಉಣ್ಣುವ ಹೊತ್ತಿಗೆ ನನ್ನ ಕಾಗುಣಿತ
ಅವರ ಸಾರಿನ ಬಟ್ಟಲಿನೆದುರು ಹಾದುಹೋಗುತ್ತಿತ್ತು.

ರಜೆ ಮುಗಿದು ಬೋಟುಗಳು ಇಳಿದ ವಾರ ಅದು.
ಸುದ್ದಿ ಎಂಬುದು ಏನೂ ಇರಲಿಲ್ಲ.
ಸಂಜೆ ಐದಕ್ಕೆ ಪದ್ಮರಾಜ ಸರ್
ಯಾರದೋ ಫೋನಿನಿಂದ ಯಾರದೋ ಫೋನಿಗೆ ಹಾರಿ ಬಂದ
ಹನ್ನೊಂದು ಸೆಕೆಂಡಿನ ವಿಡಿಯೋ ತೋರಿಸಿದರು:
ಒಂದು ಲಾರಿ, ಐಸು, ಮೀನು,
ಒಬ್ಬ ಬಾಟಲಿಯಿಂದ ಏನೋ ಸುರಿಯುತ್ತಾನೆ.
ಎಲ್ಲಿಯದು ಸರ್?
ಎಲ್ಲಿಯದಾದರೆ ಎಂತ, ಮೀನು ಮೀನೇ ಅಲ್ವಾ.
ನೀರೂ ಇರಬಹುದಲ್ಲ ಸರ್.
ಇರಬಹುದು ಮಾರಾಯ, ಅದಕ್ಕೇ ಹೇಳಿದ್ದು,
ಕೊನೆಗೊಂದು ಪ್ರಶ್ನೆ ಹಾಕು.

ಹಾಕಿದೆ.

ಬಂದರಿನ ಮೀನಿನಲ್ಲಿ ವಿಷ?

ಕೆಂಪು ಪಟ್ಟಿ, ಬಿಳಿ ಅಕ್ಷರ. ಚಾ ಕುಡಿಯಲು ಹೋದೆ.
ಚಿಕ್ಕವನಿದ್ದಾಗ ಸುಲ್ತಾನ್ ಬತ್ತೇರಿಯ ದಂಡೆಯಲ್ಲಿ
ಮಾವ ಗಾಳ ಕಟ್ಟುವುದನ್ನು ಎಷ್ಟು ಸಲ ನೋಡಿಲ್ಲ,
ಬಗ್ಗಿದ ತಂತಿ, ಹತ್ತಿರದಲ್ಲೇ ಸೀಸದ ಗುಂಡು.
ಅದೇ ಆಕಾರ. ಅವತ್ತು ಹೊಳೆಯಲಿಲ್ಲ.

ಮರುದಿನ ಉರ್ವ ಮಾರ್ಕೆಟಿನಲ್ಲಿ
ಬೇಬಿ ಕರ್ಕೇರಳ ಕಲ್ಲಿನ ಮೇಲೆ
ಬಂಗುಡೆ ರಾಶಿ ನೀಲಿ ಹೊಳೆಯುತ್ತ ಬಿದ್ದಿತ್ತು.
ನಸುಕಿಗೇ ದಕ್ಕೆಗೆ ಹೋಗಿ, ಏಲಂ ಕೂಗಿ,
ಕಿವಿರು ಎತ್ತಿ, ಹೊಟ್ಟೆ ಒತ್ತಿ, ಮೂಸಿ ತಂದದ್ದು.
ನೊಣ ಕೂತರೆ ಕೊಳೆತದ್ದು ಎಂದರು ಜನ,
ನೊಣ ಕೂರದಿದ್ದರೆ ವಿಷ ಎಂದರು.
ಯಾರೂ ಕಿವಿರು ನೋಡಲಿಲ್ಲ.
ಅವಳ ಮುಖ ನೋಡಿದರು, ಕಳ್ಳಿಯ ಮುಖ ನೋಡುವಂತೆ.
ಇಪ್ಪತ್ತು ವರ್ಷ ಅವಳಲ್ಲೇ ಲೆಕ್ಕ ಬರೆಸಿ ಒಯ್ದ
ಪೋಸ್ಟಾಫೀಸಿನ ವಿಠ್ಠಲ ಶೆಣೈಯವರು
ಟೀವಿಯಲ್ಲಿ ಬಂದಿದೆಯಲ್ಲ ಬಾಯಿ, ಎಂದು
ಬಸಳೆ ಕಟ್ಟು ಕಂಕುಳಲ್ಲಿಟ್ಟು ಹೋದರು.

ಬರೀ ಪ್ರಶ್ನೆ ಇತ್ತಲ್ಲ, ಅನ್ನಲು ಬಾಯಿ ತೆರೆದೆ.
ಆದರೆ ಓಡುವ ಸಾಲಿನಲ್ಲಿ ಕೊನೆಯ ಚಿಹ್ನೆ
ಎಲ್ಲಕ್ಕಿಂತ ತಡವಾಗಿ ಬರುತ್ತದೆ.
ಅಷ್ಟರಲ್ಲಿ ಜನ ನುಂಗಿ ಆಗಿರುತ್ತದೆ.

ಒಂದು ಕಿಲೋ ಕೊಂಡೆ. ತಪ್ಪುಕಾಣಿಕೆ ಅಂತ ಇಟ್ಟುಕೊಳ್ಳಿ.
ಅವಳು ಎರಡು ಹೆಚ್ಚಿಗೆ ಹಾಕಿದಳು, ಬೋಣಿ ನಿನ್ನದೇ ಮಗ.

ರಾತ್ರಿ ಪುಷ್ಪಲತಾ ಪುಳಿಮುಂಚಿ ಮಾಡಿದಳು.
ಎದುರಿಗೆ ಟೀವಿ. ಅದೇ ಸಾಲು, ನಾನೇ ಬರೆದದ್ದು,
ಒಮ್ಮೆ ಬಂತು, ಹೋಯಿತು, ಮತ್ತೆ ಬಂತು.
ನಾಲ್ಕನೇ ಸಲಕ್ಕೆ ನಾಲಗೆಯ ಅಂಚಿನಲ್ಲಿ ಏನೋ ಕಹಿ.
ಹುಳಿ ಹೆಚ್ಚಾಯಿತಾ, ಎಂದೆ.
ಇಲ್ಲವಲ್ಲ, ಎಂದಳು. ತಟ್ಟೆ ಸರಿಸಿದೆ.

ಲ್ಯಾಬಿನ ವರದಿ ಬಂದದ್ದು ಒಂಬತ್ತು ದಿನ ಬಿಟ್ಟು: ಏನೂ ಇಲ್ಲ.
ಅದನ್ನೂ ನಾನೇ ಓಡಿಸಿದೆ, ಮಧ್ಯಾಹ್ನ ಎರಡೂವರೆಗೆ,
ಊರೆಲ್ಲ ಮಲಗಿದ್ದಾಗ, ಚಿನ್ನದ ಅಂಗಡಿಯ ಜಾಹೀರಾತಿನ ನಡುವೆ.

ಸುದ್ದಿ ತಿಳಿಸೋಣವೆಂದು ಬೊಕ್ಕಪಟ್ಣದ ಅವಳ ಮನೆಗೆ ಹೋದರೆ
ಜಗಲಿಯಲ್ಲಿ ಮೊಮ್ಮಗ ಉಣ್ಣುತ್ತಿದ್ದ.
ಅನ್ನ, ತೊವ್ವೆ, ಬೇಯಿಸಿದ ಮೊಟ್ಟೆ.
ಮೀನಿಲ್ವಾ ಬೇಬಿಯಕ್ಕ?
ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.
ನನ್ನ ಮೀನು ನನಗೆ ಗೊತ್ತುಂಟು ಮಗ,
ಈ ಕೈಯಲ್ಲೇ ಆರಿಸಿ ತರುವುದಲ್ವಾ.
ಆದರೂ ಸಣ್ಣ ಮಗು ನೋಡು...
ಟೀವಿಯವರು ಸುಮ್ಮನೆ ಹೇಳ್ತಾರಾ?

ಕೇಳಿ, ನನ್ನ ಮುಖವನ್ನೇ ನೋಡುತ್ತ
ಉತ್ತರಕ್ಕಾಗಿ ನಿಂತಳು.
ಒಳಗೆ ಟೀವಿ ಓಡುತ್ತಿತ್ತು, ಶಬ್ದ ಇಳಿಸಿ.