ಮುನ್ನೂರ ಹತ್ತು ಮಿಲಿ

ನಿನ್ನೆ ಬೆಳಿಗ್ಗೆ ಆರರಿಂದ ಇವತ್ತು ಬೆಳಿಗ್ಗೆ ಆರರವರೆಗೆ
ಹೊಯ್ದ ಉಚ್ಚೆಯಷ್ಟನ್ನೂ ಕ್ಯಾನಿಗೆ ತುಂಬಿ
ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ
ಟ್ಯಾಕ್ಸಿಯಲ್ಲಿ ತೊಡೆಯ ಮೇಲಿಟ್ಟುಕೊಂಡು
ಫುಜೈರಾದ ಆಸ್ಪತ್ರೆಗೆ ತಂದೆ.
ಜೇನಾ? ಅಂತ ಡ್ರೈವರ್ ಕೇಳಿದ.
ಹೂಂ, ಅಂದೆ.

ಮುನ್ನೂರ ಹತ್ತು ಮಿಲಿ.
ರಂಜಾನಿಗೆ ಮುಂಚೆ ಆರುನೂರು ಇತ್ತು,
ಹೋದ ವರ್ಷ ಒಂಬೈನೂರು.
ಚಾಪೆ ಒದ್ದೆ ಮಾಡಿದ್ದಕ್ಕೆ
ಬಿಸಿ ಸೌಟು ಹಿಡಿದು ಅಂಗಳವೆಲ್ಲ ಅಟ್ಟಿಸಿಕೊಂಡು ಬಂದಿದ್ದ ಅಮ್ಮ
ಈಗಿದ್ದಿದ್ದರೆ
ಹನಿಹನಿಗೂ ದೃಷ್ಟಿ ತೆಗೆಯುತ್ತಿದ್ದಳು.

ಡಾಕ್ಟರ್ ಇಲ್ಹಾಂ, ಸುಡಾನಿನ ಹೆಂಗಸು,
ಕಾಗದ ನನ್ನ ಕಡೆ ತಿರುಗಿಸಿ
ಇನ್ನೊಂದು ಅಂಕಿಯ ಕೆಳಗೆ ಪೆನ್ನಿಟ್ಟರು. ಸಿ.ಆರ್.ಪಿ.
ಮೂರಿದ್ದದ್ದು ಒಂಬತ್ತು,
ಒಂಬತ್ತಿದ್ದದ್ದು ಇಪ್ಪತ್ತೆರಡು.
ಜ್ವರ ಇಲ್ಲ. ಹೊಟ್ಟೆನೋವಿಲ್ಲ.
ಹೊಟ್ಟೆಯಿಂದ ಇಳಿಸಿದ ನೀರೂ ತಿಳಿ,
ಚೀಲದ ಹಿಂದೆ ಕ್ಯಾಲೆಂಡರ್ ಹಿಡಿದರೆ
ಏಕಾದಶಿಯ ಸಣ್ಣಕ್ಷರ ಓದಬಹುದು.
ಆದರೂ ಎಲ್ಲೋ ಉರಿಯುತ್ತಿದೆ, ಅಂದರು.
ಎಲ್ಲಿ?
ಪೆನ್ನು ನನ್ನ ಮೇಲಿನಿಂದ ಕೆಳಗೆ ಒಂದು ಸುತ್ತು ಹೋಗಿ
ಮೇಜಿಗೆ ವಾಪಸು ಬಂತು.

ಉರಿಯೂತ ಅನ್ನುತ್ತಾರೆ ನಮ್ಮಲ್ಲಿ.
ಉರಿಯೂ ಇಲ್ಲ ನನಗೆ, ಊತವೂ ಇಲ್ಲ.
ಹೆಸರೊಂದೇ ಒಳಗೆ ಬಂದು ಮಲಗಿದೆ,
ನಾಲ್ವರ ರೂಮಿಗೆ ಬಾಡಿಗೆ ಕೊಡದ ಐದನೆಯವನ ಹಾಗೆ.

ಹತ್ತೊಂಬತ್ತು ವರ್ಷ ಕಡಲು ಸೋಸಿದವನು ನಾನು.
ಪೊರೆಯ ಈಚೆ ಉಪ್ಪು, ಆಚೆ ಕುಡಿಯುವ ನೀರು,
ನಡುವೆ ಒತ್ತಡ ತೋರಿಸುವ ಮುಳ್ಳು.
ಕಡಲು ಕೆಂಪಾದ ಆ ವರ್ಷ
ಪಾಚಿ ಬಂದು ಫಿಲ್ಟರುಗಳಿಗೆ ಮೆತ್ತಿ
ಮೀನು ಸತ್ತು ದಡ ನಾರುವುದಕ್ಕೆ ಮೂರು ದಿನ ಮುಂಚೆಯೇ
ಮುಳ್ಳು ಅಲುಗಿತ್ತು. ಬರೆದಿಟ್ಟಿದ್ದೆ.
ಸೂಪರ್‌ವೈಸರ್ ಕಿಟಕಿಯಾಚೆ ನೋಡಿ
ನೀಲಿಯಾಗೇ ಇದೆಯಲ್ಲೋ ಜಯಕರ, ಅಂದಿದ್ದ.

ಈಗ ಹೊಟ್ಟೆಯ ಪೊರೆಗೇ ದಿನಕ್ಕೆ ನಾಲ್ಕು ಪಾಳಿ.
ಎರಡೆರಡು ಲೀಟರ್ ಸಕ್ಕರೆನೀರು ಒಳಗೆ,
ಅದಕ್ಕಿಂತ ಚೂರು ಹೆಚ್ಚು ಹೊರಗೆ.
ಎಷ್ಟು ದುಡಿದರೂ ಅದು ಬದಲಿ ಆಳು;
ಹಳೆಯ ಕಿಡ್ನಿ ಮೂಲೆಯಲ್ಲಿ ಕೂತು
ಮುನ್ನೂರ ಹತ್ತರಷ್ಟು ಮಾಡುವ ಕೆಲಸ
ಅದಕ್ಕೆ ಪೂರ್ತಿ ಬಾರದು.

ಕಿಡ್ನಿ ಆರುತ್ತಿರುವುದಕ್ಕೆ ಉರಿ ಏರುತ್ತಿದೆಯೋ,
ಉರಿ ಏರಿದ್ದಕ್ಕೆ ಕಿಡ್ನಿ ಆರುತ್ತಿದೆಯೋ?
ಇಬ್ಬರೂ ಜೊತೆಗೇ ನಡೆಯುತ್ತಾರೆ,
ಯಾರ ಕೈ ಯಾರು ಹಿಡಿದಿದ್ದಾರೋ ಗೊತ್ತಿಲ್ಲ, ಅಂದರು ಇಲ್ಹಾಂ.
ಆ ಗೊತ್ತಿಲ್ಲ ಅನ್ನುವುದು
ನನಗೆ ಯಾಕೋ ಹಿಡಿಸಿತು.
ಮೊಣಕಾಲಿಗೆ ನುಂಗುವ ಮಾತ್ರೆ ಬಿಡಿ.
ಹಲ್ಲಿನ ಡಾಕ್ಟರಿಗೆ ಒಮ್ಮೆ ಬಾಯಿ ತೋರಿಸಿ,
ಅಲ್ಲೂ ಅಡಗಿರಬಹುದು.
ಮುಂದಿನ ತಿಂಗಳು ಮತ್ತೆ ಕ್ಯಾನ್.

ರೂಮಿನಲ್ಲಿ ಮಧ್ಯಾಹ್ನದ ಚೀಲ.
ಧೂಳು ಹಾರಬಾರದು: ಕಿಟಕಿ ಹಾಕಬೇಕು,
ಫ್ಯಾನ್ ನಿಲ್ಲಿಸಬೇಕು, ಏಸಿ ಆರಿಸಬೇಕು.
ಇದು ಆಗಸ್ಟ್.
ರಾತ್ರಿಯಿಡೀ ಲಾರಿ ಓಡಿಸಿ ಬಂದು ಮಲಗಿದ
ಸ್ವಾತ್ ಕಣಿವೆಯ ಗುಲ್ ಜಮೀನ್
ನಾನು ಕೈ ತೊಳೆಯುವ ಸದ್ದಿಗೇ
ಕಣ್ಣು ಬಿಡದೆ ರಿಮೋಟ್ ಒತ್ತುತ್ತಾನೆ.
ಅರ್ಧ ಗಂಟೆ.
ಬನಿಯನ್ ಅವನ ಬೆನ್ನಿಗೆ ಮೆಲ್ಲಗೆ ಅಂಟುವುದು
ಇಲ್ಲಿಂದಲೇ ಕಾಣುತ್ತದೆ.
ಎರಡು ವರ್ಷವಾಯಿತು,
ಇದರ ಬಗ್ಗೆ ನಾವು ಒಂದು ಮಾತೂ ಆಡಿಲ್ಲ.

ನೀರು ಇಳಿಯಿತು. ತೂಗಿದೆ. ಪುಸ್ತಕ ತೆಗೆದೆ:
ತಾರೀಕು, ಒಳಗೆ, ಹೊರಗೆ.
ಷರಾ ಕಾಲಂ ಖಾಲಿ ಬಿಡುವುದು ನನ್ನ ಕಸುಬಲ್ಲ.
ಬರೆದೆ:
ನೀರು ತಿಳಿ. ಮುಳ್ಳು ಅಲುಗಿದೆ.
ಗುಲ್ ಜಮೀನ್ ಬೆವರಿದ.