ಕವಚವಿಲ್ಲದ್ದು

ಆಲ್ಟೂನಾದ ಹಳೆಸಾಮಾನು ಹರಾಜಿನಲ್ಲಿ
ಲೀಲಂಡ್ ಕೌಫ್‌ಮನ್ ಕೊಂಡದ್ದು
ಒಂದು ಬಿಸ್ಕತ್ತಿನ ಡಬ್ಬಿ, ಹನ್ನೊಂದು ಡಾಲರಿಗೆ.
ಚಿನ್ನದ ಬೆಲೆ ಏರಿದ ವರ್ಷ
ಮೈಗಳನ್ನೆಲ್ಲ ಕುಲುಮೆಗೆ ಕೊಟ್ಟು
ಯಾರೋ ಜೀವಗಳನ್ನಷ್ಟೇ ಇದರೊಳಗೆ ಸುರಿದಿದ್ದರು.

ಎಲ್ಜಿನ್, ವಾಲ್ತಮ್, ಹ್ಯಾಂಪ್ಡನ್.
ಹೆಸರಿದೆ, ನಂಬರಿದೆ, ಹದಿನೇಳು ಕೆಂಪು ಹರಳಿದೆ,
ಜೇಬಿಲ್ಲ.

ರೈಲು ಇಂಜಿನುಗಳ ಬೋಲ್ಟು ಬಿಗಿದ ದಪ್ಪ ಬೆರಳು;
ಅಡುಗೆಮನೆಯ ದೀಪದಡಿ, ಮಸೂರ ಕಣ್ಣಿಗೇರಿಸಿ
ಒಂದಕ್ಕೆ ಎಣ್ಣೆ ಮುಟ್ಟಿಸಿದ,
ಸೂಜಿಮೊನೆಯಷ್ಟು.
ಕೀಲಿ ಕೊಟ್ಟ. ಏನಿಲ್ಲ.
ಬೈದುಕೊಂಡು ಮೇಜಿಗಿಟ್ಟ; ಇಟ್ಟ ಅಲುಗಾಟಕ್ಕೇ
ಚಕ್ರ ಒಮ್ಮೆ ಮುಗ್ಗರಿಸಿ, ಎದ್ದು,
ನಡೆಯತೊಡಗಿತು.

"ಗಂಟೆ ಎಷ್ಟಾಯ್ತು?" ಒಳಗಿನಿಂದ ಆರ್ಡಿಸ್.

ಮುಳ್ಳಿಲ್ಲ, ಮುಖವೂ ಇಲ್ಲ.

"ಎಷ್ಟಾಯ್ತೋ ಗೊತ್ತಿಲ್ಲ," ಅಂದ,
"ಆಗ್ತಾ ಇದೆ."